ನಮ್ಮ ನಿಮ್ಮ ಮಾತು: ಬ್ರೇಕು ಕಾಲಲ್ಲೇ ಇರಬೇಕೇ?



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ ಎಂದು ಬರೆದಿದ್ದೆ. ಈ ಸಲ ಅಕ್ಕಿ ಸಂಡಿಗೆ ಬಗ್ಗೆ ಬರೀತೀನಿ ಅಂತ ಮಾತೂ ಕೊಟ್ಟಿದ್ದೆ. ಸಂಡಿಗೆ ಎಲ್ಲೂ ಓಡಿಹೋಗೋದಿಲ್ಲ, ಮುಂದಿನ ಸಲ ಆಗಲಿ. ಇವತ್ತು ನಿಮ್ಮ ಹತ್ತಿರ ಮೋಟಾರ್ ಸೈಕಲ್ಲಿನ ಹಿಂದಿನ ಬ್ರೇಕಿನ ವಿಷಯ ಮಾತಾಡಬೇಕು. "ಸೌಟು ಹಿಡಿಯೋ ಕೈಗೆ ಸ್ಪ್ಯಾನರ್ ಯಾಕಮ್ಮಾ?" ಅಂತ ನಗಬೇಡಿ. ಗಂಡನ ಬೆನ್ನ ಹಿಂದೆ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಕೂರುವವರು ನಾವು. ಆ ಬ್ರೇಕು ಹಿಡಿಯದಿದ್ದರೆ ಮೊದಲು ಬೀಳುವವರೂ ನಾವೇ. ಹೀಗಾಗಿ ಇದು ನಮ್ಮ ವಿಷಯವೇ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನನ್ನ ಎಡಗೈ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್ ಹಾಕಿದ್ದರಲ್ಲ, ಆಗ ಇದೇ ಅಂಕಣದಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದೆ, ಸೋಪಿನ ನೀರು ಕಂಡರೆ ಹುಷಾರು" ಅಂತ ನಿಮಗೆಲ್ಲ ಬುದ್ಧಿ ಹೇಳಿದ್ದೆ. ಎಷ್ಟೋ ಜನ ಕಾಗದ ಬರೆದು ವಿಚಾರಿಸಿಕೊಂಡಿರಿ. ಒಬ್ಬರು ಎಣ್ಣೆ ಕೂಡ ಕಳಿಸಿದ್ದರು. ಸೋದರಿಯರೇ, ನಾನು ಬಚ್ಚಲಲ್ಲಿ ಬಿದ್ದಿರಲಿಲ್ಲ. ಮೋಟಾರ್ ಸೈಕಲ್ ಮೇಲಿಂದ ಬಿದ್ದಿದ್ದೆ. ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ಈಗ ನಮ್ಮ ಯಜಮಾನರೇ "ನಿಜ ಬರೆದುಬಿಡು, ನಾಲ್ಕು ಜನಕ್ಕೆ ಉಪಯೋಗವಾಗಲಿ" ಅಂದಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಚಿಂತಾಮಣಿಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ಇಪ್ಪತ್ತು ವರ್ಷದಿಂದ ಯಜಮಾನರು ಓಡಿಸಿದ್ದು ಮೋಟಾರ್ ಸೈಕಲ್ಲೇ. ಅದರ ಮೇಲೆ ಬೆಲ್ಲದ ಪೆಂಟೆ ಬಂದಿದೆ, ಎಣ್ಣೆ ಟಿನ್ನು ಬಂದಿದೆ, ಹೆರಿಗೆ ಆದ ಮೇಲೆ ನಾನು ಮಗಳನ್ನು ಎತ್ತಿಕೊಂಡು ತವರಿಂದ ಬಂದದ್ದೂ ಅದರ ಮೇಲೇನೇ. ಅವರಿಗೆ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ. ಮಾತ್ರೆ ನುಂಗುತ್ತಾರೆ, ಯುಗಾದಿಗೆ ಒಬ್ಬಟ್ಟೂ ನುಂಗುತ್ತಾರೆ. ನಿಮ್ಮ ಮನೆಗಳಲ್ಲೂ ಅದೇ ಕಥೆ ಇರಬೇಕು ಬಿಡಿ.

ಅವತ್ತು ಸಂತೆ ದಿನ. ಸಣ್ಣ ಮಳೆ ಬಂದು ನಿಂತಿತ್ತು. ಟೊಮೆಟೊ ಕ್ರೇಟು ಇಳಿಸುವ ಕಡೆ ಒಂದು ಏಳೆಂಟು ವರ್ಷದ ಹುಡುಗ ಮೇಕೆ ಮರಿ ಹಿಂದೆ ರಸ್ತೆಗೆ ಓಡಿಬಂದ. "ರೀ, ಮಗು!" ಅಂದೆ. ಅವರೂ ನೋಡಿದ್ದರು. ಆದರೂ ಗಾಡಿ ನಿಧಾನವಾಗಲೇ ಇಲ್ಲ. ಕೊನೇ ಗಳಿಗೆಯಲ್ಲಿ ಗಾಬರಿಯಿಂದ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದರು. ಮುಂದಿನ ಚಕ್ರ ಜಾರಿತು, ಇಬ್ಬರೂ ಬಿದ್ದೆವು. ಹುಡುಗನಿಗೂ ಗಾಡಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಅವನು ಅಳುತ್ತಾ ಮೇಕೆ ಮರಿ ಅಪ್ಪಿಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನಾನು ಬ್ರೇಕು ಒತ್ತಿದ್ದೆ ಕಣೇ. ಆಣೆ ಮಾಡ್ತೀನಿ, ಒತ್ತಿದ್ದೆ" ಅಂತ ಆಸ್ಪತ್ರೆಯಲ್ಲಿ ಹತ್ತು ಸಲ ಹೇಳಿದರು. ಮೆಕ್ಯಾನಿಕ್ಕಿಗೆ ತೋರಿಸಿದರೆ ಬ್ರೇಕು ಸರಿಯಾಗಿಯೇ ಇದೆ ಅಂದ. ಮಗಳ ಮದುವೆ ಮಾತುಕತೆ ನಡೀತಿದ್ದ ಸಮಯ. ಹುಡುಗಿಯ ತಂದೆಗೆ ಏನೋ ಆಗಿದೆ, ಕೈಕಾಲು ಸ್ವಾಧೀನ ಇಲ್ಲವಂತೆ ಅನ್ನೋ ಮಾತು ಬೀಗರ ಕಿವಿಗೆ ಬಿದ್ದರೆ? ಅದಕ್ಕೇ ಬಚ್ಚಲ ಸುಳ್ಳು. ಊರಿಗೂ ಹೇಳಿದೆ, ನಿಮಗೂ ಹೇಳಿದೆ.

ಆಮೇಲೆ ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರು. ಎಡಗಾಲಲ್ಲಿ ಚಪ್ಪಲಿ ಇದೆ, ಬಲಗಾಲು ಬರಿಗಾಲು. "ಇನ್ನೊಂದು ಎಲ್ಲಿ?" ಅಂದೆ. ಬಗ್ಗಿ ನೋಡಿಕೊಂಡರು. ಅವರಿಗೇ ಗೊತ್ತಿರಲಿಲ್ಲ. ದಾರಿಯಲ್ಲೆಲ್ಲೋ ಚಪ್ಪಲಿ ಕಳಚಿ ಬಿದ್ದಿದೆ, ಕಾಲಿಗೆ ಸುದ್ದಿಯೇ ಮುಟ್ಟಿಲ್ಲ. ಹಿಮ್ಮಡಿಗೆ ಒಂದು ಗಾಜಿನ ಚೂರು ಬೇರೆ ಚುಚ್ಚಿಕೊಂಡಿತ್ತು.

ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆವು. ಅವರು ಇವರ ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ "ಗೊತ್ತಾಯ್ತಾ? ಗೊತ್ತಾಯ್ತಾ?" ಅಂತ ಕೇಳಿದರು. ಕಂಪಿಸುವ ಒಂದು ಕಬ್ಬಿಣದ ಕವೆಯನ್ನು ಹೆಬ್ಬೆರಳಿಗೆ ಇಟ್ಟು ನೋಡಿದರು. ಎಡಗಾಲು ಅಷ್ಟೋ ಇಷ್ಟೋ ಉತ್ತರ ಕೊಟ್ಟಿತು. ಬಲಗಾಲು ಸುಮ್ಮನೇ ಇತ್ತು. ಸಕ್ಕರೆ ಬಹಳ ವರ್ಷ ಹೆಚ್ಚಾಗಿದ್ದರೆ ನರಗಳು ಕೆಡುತ್ತವಂತೆ. ಉದ್ದನೆಯ ನರಗಳು ಮೊದಲು ಕೆಡುವುದರಿಂದ ಪಾದಕ್ಕೇ ಮೊದಲು ಜೋಮು. "ಕಾಲಿಗೆ ಬಲ ಇದೆ, ಸುದ್ದಿ ಇಲ್ಲ. ಪೆಡಲ್ಲಿನ ಮೇಲಿದೆಯೋ ಪಕ್ಕದಲ್ಲಿದೆಯೋ, ಎಷ್ಟು ಒತ್ತಿದೆಯೋ ಅದಕ್ಕೆ ತಿಳಿಯೋದಿಲ್ಲ. ಮೋಟಾರ್ ಸೈಕಲ್ ಬಿಡಿ" ಅಂದರು.

ಆಗ ಅರ್ಥವಾಯಿತು ನೋಡಿ. ಅವತ್ತು ಸಂತೆಯಲ್ಲಿ ಅವರು ಒತ್ತಿದ್ದು ನಿಜ. ಆದರೆ ಒತ್ತಿದ್ದು ಬ್ರೇಕನ್ನಲ್ಲ, ಪಕ್ಕದಲ್ಲಿರುವ ಕಾಲಿಡುವ ಕಂಬಿಯನ್ನು! ಆಣೆ ಮಾಡಿದ್ದು ಸುಳ್ಳಲ್ಲ, ಕಾಲು ಸುಳ್ಳು ಹೇಳಿತ್ತು.

ಗಾಡಿ ಬಿಟ್ಟರಾ? ಎಲ್ಲಿ ಬಿಡ್ತಾರೆ! "ಗೇರಿಲ್ಲದ ಸ್ಕೂಟರ್ ತಗೊಳ್ಳಿ, ಅದರಲ್ಲಿ ಎರಡು ಬ್ರೇಕೂ ಕೈಯಲ್ಲೇ ಇರುತ್ತೆ" ಅಂದೆ. "ಹೆಂಗಸರ ಗಾಡಿ ಓಡಿಸೋಕೆ ಹೇಳ್ತೀಯಾ? ನಾಳೆ ಬಳೇನೂ ತೊಡಿಸು" ಅಂತ ಎದ್ದುಹೋದರು. ಮೂರು ದಿನ ಮಾತಿಲ್ಲ. ಹಠಕ್ಕೆ ಅದೇ ಮೋಟಾರ್ ಸೈಕಲ್ಲು. ನಾನು ಹಿಂದೆ ಹತ್ತುವುದನ್ನು ಬಿಟ್ಟೆ. ಆದರೆ ಹತ್ತದಿದ್ದರೆ ಮಾತ್ರ ಏನು ನೆಮ್ಮದಿ? ಅವರು ಬರೋತನಕ ಬಾಗಿಲಲ್ಲೇ ನಿಂತಿರುತ್ತಿದ್ದೆ. ಆ ಮೇಕೆ ಮರಿ ಹುಡುಗ ದಿನಾ ನೆನಪಿಗೆ ಬರುತ್ತಿದ್ದ.

ಮಗಳ ಮದುವೆ ಗೊತ್ತಾಯಿತು. ಜವಳಿಗೆ ಬೆಂಗಳೂರಿಗೆ ಹೊರಟೆವು. ಅಕ್ಕನ ಮನೆ ಹಲಸೂರಿನಲ್ಲಿ. ಬಸ್ಸಿನಲ್ಲಿ ಹೊಸಕೋಟೆ ದಾಟಿ ಕೆ.ಆರ್. ಪುರದಲ್ಲಿ ಇಳಿದರೆ ಅಲ್ಲಿಂದ ಮೆಟ್ರೋ ಇದೆ. 2023ರಿಂದ ಆ ದಾರಿ ಶುರುವಾದ ಮೇಲೆ ನಮಗೆ ಎಷ್ಟೋ ಅನುಕೂಲ. ಮಾರನೇ ದಿನ ಅಕ್ಕ, ನಾನು, ಚೀಲ ಹೊರಲು ಯಜಮಾನರು, ಮೂವರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ನಮ್ಮಜ್ಜಿ ಇದ್ದಾಗ ಆ ಕಡೆಗೆ ಹೋಗೋದನ್ನು "ದಂಡಿಗೆ ಹೋಗಿದ್ವಿ" ಅನ್ನುತ್ತಿದ್ದರು. 1809ರಲ್ಲಿ ಬ್ರಿಟಿಷರ ದಂಡು ಅಲ್ಲಿ ಬೀಡುಬಿಟ್ಟದ್ದರಿಂದ ಬಂದ ಹೆಸರು. ಈಗ ದಂಡೆಂದರೆ ಹೆಂಗಸರ ದಂಡೇ! ರವಿಕೆ ಬಟ್ಟೆ, ಲೇಸು, ಜರಿ ಅಂಚು, ಬಳೆ, ಚಪ್ಪಲಿ ಎಲ್ಲಾ ಒಂದೇ ಬೀದಿಯಲ್ಲಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಲ್ಲಿ ಡಾಂಬರು ತೆಗೆದು ಕಲ್ಲು ಹಾಸಿದ್ದಾರೆ. ನೋಡೋಕೆ ಚೆನ್ನ, ಮಳೆ ಬಿದ್ದಾಗ ಮಾತ್ರ ಹೆಜ್ಜೆ ನೋಡಿಕೊಂಡು ಇಡಬೇಕು.

ಮ್ಯಾಚಿಂಗ್ ಸೆಂಟರಿನಲ್ಲಿ ಒಂದೂವರೆ ಗಂಟೆ ಆಯಿತು. ಆಮೇಲೆ ಫಾಲ್ಸು, ಪಿಕೋ ಹಾಕಿಸೋಕೆ ಪಕ್ಕದ ಗಲ್ಲಿಗೆ ತಿರುಗಿದೆವು. ಯಜಮಾನರು ನಮ್ಮ ಹಿಂದೆ ಚೀಲ ಹಿಡಿದು ಬರ್ತಿದ್ದರು. ಆ ಪಿಕೋ ಅಂಗಡಿಯ ತಮ್ಮ ಮೆಷಿನ್ನಿನಿಂದ ತಲೆಯೆತ್ತಿ ಕೂಗಿದ: "ಸಾರ್! ಸಾರ್! ನಿಮ್ದು ಚಪ್ಪಲಿ ಅಲ್ಲೇ ಬಿತ್ತು!"

ಹಿಂದೆ ತಿರುಗಿ ನೋಡಿದರೆ ಹತ್ತು ಮಾರು ದೂರದಲ್ಲಿ ಬಲಗಾಲಿನ ಚಪ್ಪಲಿ ಅನಾಥವಾಗಿ ಬಿದ್ದಿದೆ. ಇವರು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾರೆ. ನಾಲ್ಕು ಜನ ನೋಡಿದರು. ಯಜಮಾನರ ಮುಖ ಕಪ್ಪಿಟ್ಟಿತು. ಅಕ್ಕನೇ ಓಡಿಹೋಗಿ ಎತ್ತಿಕೊಂಡು ಬಂದಳು. ಆ ತಮ್ಮ ಒಂದು ಸ್ಟೂಲು ಸರಿಸಿ "ಕೂತ್ಕೊಳಿ ಸಾರ್. ಸಕ್ಕರೆನಾ? ನಮ್ಮ ಅಬ್ಬಾಗೂ ಹಿಂಗೇ ಇತ್ತು" ಅಂದ. ಎಷ್ಟು ಮೆತ್ತಗೆ ಕೇಳಿದನೆಂದರೆ, ಯಾರಿಗೂ ಕಾಯಿಲೆ ಹೇಳಿಕೊಳ್ಳದ ನಮ್ಮ ಯಜಮಾನರು "ಹೂಂನಪ್ಪ" ಅಂದುಬಿಟ್ಟರು.

ಮಾತಿಗೆ ಮಾತು ಬೆಳೆಯಿತು. ಆ ತಮ್ಮನಿಗೆ ಮಗುವಾಗಿದ್ದಾಗ ಪೋಲಿಯೋ ಆಗಿ ಬಲಗಾಲು ಸೊರಗಿದೆ. ಮಂಡಿಯಿಂದ ಕೆಳಗೆ ಕಬ್ಬಿಣದ ಪಟ್ಟಿ. ನಮ್ಮ ದೇಶದಲ್ಲಿ ಸಹಜ (ವೈಲ್ಡ್) ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದವರಲ್ಲಿ ಇಂಥವರು ಎಲ್ಲಾ ಊರಲ್ಲೂ ಇದ್ದಾರೆ. ಎಡಗಾಲಲ್ಲೇ ಮೆಷಿನ್ ತುಳಿಯುತ್ತಾನೆ. ಗೋಡೆಗೆ ಒರಗಿಸಿದ್ದ ಮೋಟಾರ್ ಸೈಕಲ್ ತೋರಿಸಿ "ಅದು ನಂದೇ" ಅಂದ. ಯಜಮಾನರು ತಟ್ಟನೆ ಕೇಳಿದರು: "ಹಿಂದಿನ ಬ್ರೇಕು ಹೇಗಪ್ಪ ಒತ್ತುತ್ತೀಯ?"

ಅವನು ಕುಂಟಿಕೊಂಡು ಎದ್ದು ಬಂದು ತೋರಿಸಿದ. ಎಡಗೈ ಹಿಡಿಯಲ್ಲಿ ಕ್ಲಚ್ಚು ಇದ್ದೇ ಇದೆ. ಅದರ ಕೆಳಗೆ ಹೆಬ್ಬೆಟ್ಟಿಗೆ ಸಿಗುವ ಹಾಗೆ ಇನ್ನೊಂದು ಪುಟ್ಟ ಲಿವರ್. ಹೆಬ್ಬೆಟ್ಟಿನಿಂದ ತಳ್ಳಿದರೆ ಹಿಂದಿನ ಚಕ್ರ ನಿಲ್ಲುತ್ತೆ. ಅವನ ಗಾಡಿಯ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕು. ಎಣ್ಣೆಯ ಒತ್ತಡದಿಂದ ಹಿಡಿಯುವಂಥದ್ದು. ಅದಕ್ಕೇ ಹೆಬ್ಬೆರಳ ಬಲ ಸಾಕಂತೆ. "ಮೊದಲು ಕಡಿಮೆ ದುಡ್ಡಲ್ಲಿ ಸೈಕಲ್ ವೈರು ಹಾಕಿಸ್ದೆ ಸಾರ್. ಹಲಸೂರು ಕಡೆ ಇಳಿಜಾರಲ್ಲಿ ಕಟ್ ಆಯ್ತು. ಅಲ್ಲಾ ಕಾಪಾಡಿದ. ಆಮೇಲೆ ಸರಿಯಾಗಿ ಮಾಡಿಸಿ, ಆರ್‌ಟಿಓಗೆ ತೋರಿಸಿ, ಆರ್‌ಸಿ ಬುಕ್ಕಲ್ಲಿ ಬರೆಸ್ದೆ. ಕೈಗೆ ಅಭ್ಯಾಸ ಆಗೋಕೆ ಮೂರು ತಿಂಗಳು ಹಿಡೀತು."

"ಹಾಗಾದರೆ ನಂದಕ್ಕೂ ಹಾಕಿಸಬಹುದು" ಅಂತ ಯಜಮಾನರ ಮುಖ ಅರಳಿತು. ಆಗ ಆ ತಮ್ಮ ಹೇಳಿದ ಮಾತು ನಾನು ಮರೆಯೋದಿಲ್ಲ. "ನಂದು ಕಾಲು ಪ್ರಾಮಾಣಿಕ ಸಾರ್. ಆಗಲ್ಲ ಅಂದ್ರೆ ಆಗಲ್ಲ. ಅದನ್ನ ನಂಬೋದೇ ಇಲ್ಲ ನಾನು. ನಿಮ್ದು ಹಂಗಲ್ಲ, ಒತ್ತಿದೀನಿ ಅಂತ ಹೇಳುತ್ತೆ, ಒತ್ತಿರಲ್ಲ. ನಂದಕ್ಕಿಂತ ನಿಮ್ದೇ ಡೇಂಜರು. ಪೆಡಲ್ಲು ಅಲ್ಲೇ ಇದ್ರೆ ಅವಸರದಲ್ಲಿ ಕಾಲು ಅಲ್ಲಿಗೇ ಹೋಗುತ್ತೆ."

ಯಜಮಾನರು ಏನೂ ಮಾತಾಡಲಿಲ್ಲ. ಅವನೇ ಒಬ್ಬ ಮೆಕ್ಯಾನಿಕ್ಕಿನ ಗುರುತು ಹೇಳಿದ. ಪಿಕೋ ಆಗೋವರೆಗೆ ಶಿವಾಜಿನಗರದ ಆ ಗಲ್ಲಿಗೆ ನಾವೂ ಹೋದೆವು. ಆ ಮೇಸ್ತ್ರಿ ನಮ್ಮ ಗಾಡಿ ಯಾವುದು, ಎಷ್ಟು ಹಳೇದು ಅಂತ ಎಲ್ಲಾ ಕೇಳಿ, ಕೈ ಒರೆಸಿಕೊಂಡು, ನನಗೂ ತಿಳಿಯುವ ಹಾಗೆ ಹೇಳಿದರು. ನಿಮಗೂ ಹೇಳ್ತೀನಿ ಕೇಳಿ.

ನಮ್ಮ ಗಾಡಿಯ ಹಿಂದಿನ ಚಕ್ರದಲ್ಲಿರುವುದು ಡ್ರಮ್ ಬ್ರೇಕು. ಚಕ್ರದ ನಡುವಿನ ಡಬ್ಬಿಯೊಳಗೆ ಎರಡು ಶೂ ಇರುತ್ತವೆ. ಪೆಡಲ್ ಒತ್ತಿದರೆ ಒಂದು ಕಂಬಿ ಎಳೆದು ಆ ಶೂಗಳನ್ನು ಅಗಲ ಮಾಡುತ್ತೆ, ಅವು ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತೆ. ಕಾಲಲ್ಲಿ ಒತ್ತಿದಾಗ ಮೈಯ ಭಾರವೂ ಜೊತೆಗೆ ಬೀಳುತ್ತೆ. ಕಾಲಿನ ಜೋರಿಗೆಂದೇ ಅಳತೆ ಮಾಡಿದ ಬ್ರೇಕಿಗೆ ಬೆರಳಿನ ಜೋರು ಸಾಲದು. ಒರಳಲ್ಲಿ ರುಬ್ಬೋದನ್ನು ಬೆರಳ ತುದಿಯಲ್ಲಿ ಮಾಡು ಅಂದ ಹಾಗೆ. ಇದು ಮೊದಲನೇ ತೊಂದರೆ. ಎರಡನೇದು, ಗೇರಿನ ಗಾಡಿ ನಿಲ್ಲಿಸುವಾಗ ಎಡಗೈ ಕ್ಲಚ್ಚನ್ನೂ ಹಿಡೀಬೇಕು. ಬ್ರೇಕೂ ಅದೇ ಕೈಗೆ ಬಂದರೆ ಒಂದೇ ಗಳಿಗೆಯಲ್ಲಿ ಎರಡು ಕೆಲಸ. ಚಿಕ್ಕ ವಯಸ್ಸಿನವರು ಕಲೀತಾರೆ, ಐವತ್ತು ದಾಟಿದವರಿಗೆ ಕಷ್ಟ. ಮೂರನೇದು, ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಅಂಗವೈಕಲ್ಯ ಇರುವವರಿಗಾಗಿ ಬದಲಾಯಿಸಲು ಅವಕಾಶ ಇದೆ, ಆದರೆ ಆರ್‌ಟಿಓ ಒಪ್ಪಿಗೆ ಬೇಕು. "ನಾಳೆ ಏನಾದ್ರೂ ಆದ್ರೆ ಇನ್ಷೂರೆನ್ಸ್‌ನೋರು ಮೊದಲು ಅದನ್ನೇ ಕೇಳ್ತಾರಮ್ಮಾ. ಯಾಕೆ ಈ ತಾಪತ್ರಯ? ಗೇರಿಲ್ಲದ ಸ್ಕೂಟರ್ ತಗೊಳ್ಳಿ. ಕಂಪನಿಯೋರೇ ಕೈಗೆ ಅಂತ ಅಳತೆ ಮಾಡಿ ಕೊಟ್ಟಿರೋ ಬ್ರೇಕು. ಕ್ಲಚ್ಚಿಲ್ಲ, ಎಡಗೈಗೆ ಬೇರೆ ಕೆಲಸ ಇಲ್ಲ" ಅಂದರು. ಒಂದು ರೂಪಾಯಿ ತಗೊಳ್ಳಲಿಲ್ಲ. ಬಂದ ಗಿರಾಕಿಯನ್ನು ಬೇಡ ಅಂತ ಕಳಿಸುವ ಮೇಸ್ತ್ರಿಗಳೂ ಇದ್ದಾರೆ ನೋಡಿ!

ರಾತ್ರಿ ಹಲಸೂರಿನಲ್ಲಿ ಊಟಕ್ಕೆ ಕೂತಾಗ ಅಕ್ಕನ ಮಗ ಇದನ್ನೆಲ್ಲ ಕೇಳಿಸಿಕೊಂಡ. ಅವನಿಗೆ ಮೋಟಾರ್ ಸೈಕಲ್ ರೇಸಿನ ಹುಚ್ಚು. "ಚಿಕ್ಕಪ್ಪ, ಮಿಕ್ ಡೂಹನ್ ಗೊತ್ತಾ ನಿಮಗೆ? ಆಸ್ಟ್ರೇಲಿಯಾದವನು. 1992ರಲ್ಲಿ ರೇಸಿಗೆ ಮುಂಚಿನ ಅಭ್ಯಾಸದಲ್ಲಿ ಬಿದ್ದು ಬಲಗಾಲು ಕತ್ತರಿಸಬೇಕಾಗುತ್ತೇನೋ ಅನ್ನೋ ಸ್ಥಿತಿಗೆ ಬಂದಿದ್ದ. ಕಾಲು ಉಳೀತು, ಆದರೆ ಬ್ರೇಕು ಒತ್ತೋಕೆ ಆಗ್ತಿರಲಿಲ್ಲ. ಎಡಗೈ ಹೆಬ್ಬೆರಳಿಗೆ ಹಿಂದಿನ ಬ್ರೇಕು ಹಾಕಿಸಿಕೊಂಡ. ಆಮೇಲೆ 1994ರಿಂದ 1998ರವರೆಗೆ ಸಾಲಾಗಿ ಐದು ಸಲ ಪ್ರಪಂಚದ ಚಾಂಪಿಯನ್! ಅವನಿಗೆ ಯಾರಾದರೂ ಬಳೆ ತೊಡಿಸಿದ್ರಾ?" ಅಂದ. ನಾನು ಸಾರಿನ ಪಾತ್ರೆ ಕಡೆ ಮುಖ ತಿರುಗಿಸಿಕೊಂಡೆ. ನಗು ಕಂಡರೆ ಎಲ್ಲಾ ಕೆಡುತ್ತೆ ಅಂತ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಹಳೇದೆಲ್ಲ ನೆನಪಾಯಿತು. ಬ್ರೇಕು ಬಲಗಾಲಲ್ಲೇ ಇರಬೇಕು ಅಂತ ಯಾವ ಶಾಸ್ತ್ರ ಹೇಳಿದೆ? ಸೈಕಲ್ಲಿಗೆ ಎರಡು ಬ್ರೇಕೂ ಕೈಯಲ್ಲೇ, ಯಾಕೆಂದರೆ ಕಾಲಿಗೆ ತುಳಿಯೋ ಕೆಲಸ ಇದೆ. ಅದೇ ವರಸೆಯಲ್ಲಿ ಮೊಪೆಡ್ಡು ಬಂತು. 1972ರಲ್ಲಿ ಲೂನಾ, 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50. ನಮ್ಮಪ್ಪ ಟಿವಿಎಸ್ 50ಯ ಎರಡು ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ವರ್ಷಗಟ್ಟಲೆ ಡೈರಿಗೆ ಹೋದವರು. ಎರಡು ಬ್ರೇಕೂ ಕೈಯಲ್ಲೇ ಇತ್ತು. ಅವರ ಮೀಸೆಗೇನೂ ಕೊರತೆ ಆಗಲಿಲ್ಲ! ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾಕ್ಕೆ ಬ್ರೇಕು ಬಲಗಾಲಲ್ಲಿ. ಹಳೇ ಬುಲೆಟ್ಟಿಗೆ ಎಡಗಾಲಲ್ಲಿ, ಗೇರು ಬಲಗಾಲಲ್ಲಿ. 2001ರಲ್ಲಿ ಬಂದ ಆಕ್ಟಿವಾಗೆ ಎಡಗೈಯಲ್ಲಿ. ಅದನ್ನು 2013ರಿಂದ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಮಾಡುತ್ತಾರೆ. ಈಗಿನ ಕರೆಂಟಿನ ಸ್ಕೂಟರುಗಳಿಗೂ ಕೈಯಲ್ಲೇ. ಎಲ್ಲಾ ಅವರವರ ಅನುಕೂಲಕ್ಕೆ ಇಟ್ಟದ್ದು. ಇದರಲ್ಲಿ ಗಂಡಸು ಯಾವುದು, ಹೆಂಗಸು ಯಾವುದು? ಯಾವ ಅಂಗಕ್ಕೆ ಸ್ಪರ್ಶ ತಿಳಿಯುತ್ತೋ ಆ ಅಂಗದಲ್ಲಿ ಬ್ರೇಕು ಇರಬೇಕು, ಅಷ್ಟೇ.

ಬೆಳಗ್ಗೆ ಐದೂವರೆಗೆ ಎಚ್ಚರವಾದಾಗ ಪಕ್ಕದಲ್ಲಿ ಯಜಮಾನರಿಲ್ಲ. ಬಾಲ್ಕನಿಗೆ ಬಂದು ನೋಡಿದರೆ, ಕೆಳಗೆ ಖಾಲಿ ಬೀದಿಯಲ್ಲಿ ಅಕ್ಕನ ಮಗನ ಸ್ಕೂಟರ್ ಮೇಲೆ ಕೂತಿದ್ದಾರೆ! ಹುಡುಗ ಪಕ್ಕದಲ್ಲೇ ನಡೆಯುತ್ತಿದ್ದಾನೆ. ನಾನು ಸದ್ದು ಮಾಡದೆ ಒಳಗೆ ಬಂದು ಕಾಫಿಗೆ ನೀರಿಟ್ಟೆ.

ಸುಲಭವಾಗಿ ಬರಲಿಲ್ಲ ಅನ್ನೋದನ್ನೂ ಹೇಳಬೇಕು. ಮೋಟಾರ್ ಸೈಕಲ್ ಓಡಿಸಿ ಅಭ್ಯಾಸ ಇರುವವರು ಸ್ಕೂಟರಿಗೆ ಬಂದಾಗ ಎರಡು ತಪ್ಪು ಮಾಡುತ್ತಾರೆ. ಒಂದು, ಬ್ರೇಕಿಗೆಂದು ಬಲಗಾಲನ್ನು ಸುಮ್ಮನೆ ನೆಲಹಲಗೆಗೆ ಒತ್ತುವುದು. ಇನ್ನೊಂದು ಅದಕ್ಕಿಂತ ಅಪಾಯ. ಎಡಗೈಯಲ್ಲಿರುವುದನ್ನು ಕ್ಲಚ್ಚೆಂದುಕೊಂಡು ಪೂರ್ತಿ ಹಿಡಿದುಬಿಡುವುದು. ಹಿಂದಿನ ಚಕ್ರ ಗಪ್ಪನೆ ಕಚ್ಚಿಕೊಂಡು ಗಾಡಿ ಬಾಲ ಬೀಸುತ್ತೆ. ಇವರೂ ಮೊದಲ ದಿನ ಎರಡೂ ಮಾಡಿದರು. ಹುಡುಗ ಎಂಜಿನ್ ಆಫ್ ಮಾಡಿಸಿ, ಗಾಡಿ ತಳ್ಳಿಕೊಂಡು ನಡೆಯುತ್ತಾ ಬರೀ ಬ್ರೇಕು ಹಿಡಿಯುವುದನ್ನೇ ಅರ್ಧ ಗಂಟೆ ಮಾಡಿಸಿದ. ನಾಲ್ಕು ಬೆಳಗ್ಗೆ ಹಾಗೇ ಕಳೆಯಿತು.

ಊರಿಗೆ ಬಂದ ಮೇಲೆ ಡಾಕ್ಟರನ್ನು ಕೇಳಿದೆವು. ಅವರು ಕೈಗಳನ್ನೂ ಪರೀಕ್ಷೆ ಮಾಡಿದರು. ಕೈಗೂ ಜೋಮು ಹಿಡಿದಿದ್ದರೆ ಯಾವ ಬ್ರೇಕೂ ಕಾಪಾಡೋದಿಲ್ಲವಲ್ಲ. ಸದ್ಯ, ಕೈ ಚೆನ್ನಾಗಿತ್ತು. ಹಗಲು ಹೊತ್ತು, ಊರೊಳಗೆ, ನಿಧಾನವಾಗಿ ಓಡಿಸಲು ಒಪ್ಪಿದರು. ಆರು ತಿಂಗಳಿಗೊಮ್ಮೆ ಕೈಕಾಲು ತೋರಿಸಬೇಕು, ಕಾಲು ನೆಲಕ್ಕೆ ಊರುವಾಗ ಕಣ್ಣಿಂದ ನೋಡಿ ಊರಬೇಕು, ಹಿಮ್ಮಡಿಗೆ ಪಟ್ಟಿ ಇರುವ ಪಾದರಕ್ಷೆಯನ್ನೇ ಹಾಕಬೇಕು ಅಂದರು. ಮೋಟಾರ್ ಸೈಕಲ್ಲನ್ನು ಮಾರಿದ ದಿನ ಯಜಮಾನರು ಸೀಟಿನ ಮೇಲೆ ಕೈಯಾಡಿಸಿ ಒಳಗೆ ಹೋದರು. ಅವತ್ತು ಊಟ ಕಡಿಮೆ ಮಾಡಿದರು. ನಾನೂ ಬಲವಂತ ಮಾಡಲಿಲ್ಲ. ಇಪ್ಪತ್ತು ವರ್ಷದ ಒಡನಾಟ ಅಲ್ಲವೇ?

ಮಗಳ ಮದುವೆ ಸಾಂಗವಾಗಿ ಆಯಿತು. ಬೀಗರಿಗೆ ನಾವೇ ಎಲ್ಲಾ ಹೇಳಿದೆವು. ಬೀಗರು ನಕ್ಕು ತಮ್ಮ ಕಾಲನ್ನೂ ತೋರಿಸಿದರು. ಅವರಿಗೂ ಸಕ್ಕರೆ! ಇನ್ನೊಂದು ಸುದ್ದಿ. ಸ್ಕೂಟರ್ ಮನೆಗೆ ಬಂದ ಮೇಲೆ ನಾನೂ ಎಲ್‌ಎಲ್ ಮಾಡಿಸಿದೆ. ಮೂವತ್ತು ದಿನ ಕಳೆದ ಮೇಲೆ ಟೆಸ್ಟು. ಕತ್ತಲಾದ ಮೇಲೆ ಎಲ್ಲಾದರೂ ಹೋಗಬೇಕಾದರೆ ಇನ್ನು ಯಾರನ್ನೂ ಕಾಯಬೇಕಾಗಿಲ್ಲ, ಅವರು ಹಿಂದೆ ಕೂರುತ್ತಾರೆ.

ಸ್ಕೂಟರ್ ಓಡಿಸುವ ಸೋದರಿಯರಿಗೆ, ಮೇಸ್ತ್ರಿಯೂ ಅಕ್ಕನ ಮಗನೂ ಹೇಳಿಕೊಟ್ಟ ಕೆಲವು ಮಾತು:

1. ಎಡಗೈಯದು ಹಿಂದಿನ ಚಕ್ರಕ್ಕೆ, ಬಲಗೈಯದು ಮುಂದಿನದಕ್ಕೆ. ನಮ್ಮಲ್ಲಿ ಎಷ್ಟೋ ಜನ ಎಡಗೈಯೊಂದನ್ನೇ ಹಿಡಿಯುತ್ತೇವೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತೆ, ಹಾಗಾಗಿ ಹೆಚ್ಚು ನಿಲ್ಲಿಸುವುದು ಮುಂದಿನ ಚಕ್ರವೇ. ಎರಡನ್ನೂ ಒಟ್ಟಿಗೆ, ಹಿಟ್ಟು ಹಿಸುಕಿದ ಹಾಗೆ ಹದವಾಗಿ ಹಿಡಿಯಿರಿ.

2. 2019ರ ಏಪ್ರಿಲ್‌ನಿಂದ ಹೊಸದಾಗಿ ಬರುವ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಚಕ್ರ ಸೇರಿ ಹಿಡಿಯುವ ಬ್ರೇಕು ಕಡ್ಡಾಯ. ಇಲ್ಲವೇ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಬೇಕು. ಸೇರಿ ಹಿಡಿಯುವಂಥದ್ದಾದರೆ, ಸ್ಕೂಟರಿನಲ್ಲಿ ಎಡಗೈ ಹಿಡಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತೆ. ಹಳೇ ಗಾಡಿಗೆ ಇದು ಇಲ್ಲದಿರಬಹುದು, ಕೇಳಿ ತಿಳಿದುಕೊಳ್ಳಿ.

3. ಒದ್ದೆ ಕಲ್ಲು, ಮರಳು, ಸಗಣಿ ಇರುವ ಕಡೆ, ತಿರುವಿನಲ್ಲಿ, ಯಾವ ಬ್ರೇಕನ್ನೂ ಗಟ್ಟಿಯಾಗಿ ಹಿಡಿಯಬೇಡಿ. ಮೊದಲೇ ವೇಗ ತಗ್ಗಿಸಿ.

4. ಡ್ರಮ್ ಬ್ರೇಕಾದರೆ ಎಡಗೈ ಲಿವರ್ ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಸಡಿಲು ಇರಬೇಕು. ಪೂರ್ತಿ ಹಿಡಿದರೂ ಹಿಡಿಕೆಗೆ ತಾಗುತ್ತಿದ್ದರೆ ಹೊಂದಿಸಲೇಬೇಕು. ವೈರಿನ ಒಂದು ಎಳೆ ಬಿಚ್ಚಿಕೊಂಡರೂ ಹೊಸದು ಹಾಕಿಸಿ.

5. ಗಾಡಿ ತೊಳೆದ ಮೇಲೆ, ನೀರಲ್ಲಿ ದಾಟಿದ ಮೇಲೆ, ನಿಧಾನವಾಗಿ ಹೋಗುತ್ತಾ ನಾಲ್ಕು ಸಲ ಮೆತ್ತಗೆ ಬ್ರೇಕು ಹಿಡಿದು ಒಣಗಿಸಿ.

6. ಸಕ್ಕರೆ ಇರುವವರು ಓಡಿಸುವಾಗ ಜೇಬಿನಲ್ಲಿ ಸಕ್ಕರೆ ಇರಲಿ. ತಲೆ ತಿರುಗಿದರೆ, ಬೆವರಿದರೆ ಪಕ್ಕಕ್ಕೆ ನಿಲ್ಲಿಸಿ. ಇಬ್ಬರ ತಲೆಗೂ ಹೆಲ್ಮೆಟ್ ಇರಲಿ.

ಕೊನೆಗೆ ಒಂದು ಕೆಲಸ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಸಕ್ಕರೆ ಇರುವವರನ್ನು ಕಣ್ಣು ಮುಚ್ಚಿ ಕೂರಲು ಹೇಳಿ. ಎರಡು ಕಾಲಿನ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ಬೆರಳಿಂದ ಒಂದು ಗಳಿಗೆ ಮೆತ್ತಗೆ ಮುಟ್ಟಿ, ಮುಟ್ಟಿದಾಗಲೆಲ್ಲ ಬಲವೋ ಎಡವೋ ಹೇಳಲಿ. ಒಂದೆರಡು ತಪ್ಪಿದರೂ ಡಾಕ್ಟರಿಗೆ ತೋರಿಸಿ. ಅವರು "ಏನೂ ಆಗಿಲ್ಲ ಬಿಡೇ" ಅಂದರೆ ಬಿಡಬೇಡಿ. ನಾನು ಬಿಟ್ಟಿದ್ದೆ. ಆ ಹುಡುಗನಿಗೂ ಗಾಡಿಗೂ ನಡುವೆ ಉಳಿದದ್ದು ಒಂದೇ ಮೊಳ.

ನಿಮ್ಮ ಕಾಗದ ಬರೆಯಿರಿ. ಮುಂದಿನ ಸಲ ಖಂಡಿತ ಸಂಡಿಗೆ.